ಆರ್‌ಸಿಯಲ್ಲಿ ಇಲ್ಲದ ಬ್ರೇಕ್

ಬೊರಿವಲಿ ಆರ್‌ಟಿಓದ ಎಂಎಚ್-47 ನೋಂದಣಿಯ ಕಾರ್ಡೊಂದನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ಓದಿ ನೋಡಿ. ಮಾಲೀಕರ ಹೆಸರು, ಚಾಸಿ ನಂಬರು, ಎಂಜಿನ್ ನಂಬರು, ಬಣ್ಣ, ಇಂಧನ, ಸಿಸಿ, ಎಷ್ಟು ಸೀಟು, ಖಾಲಿ ಗಾಡಿಯ ತೂಕ ಎಷ್ಟು, ಎಲ್ಲವೂ ಇರುತ್ತದೆ. ಬ್ರೇಕಿನ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಒಂದು ಟನ್ನಿಗೂ ಮಿಕ್ಕಿದ ಕಬ್ಬಿಣವನ್ನು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ಓಡಿಸಲು ಸರಕಾರ ಕೊಡುವ ಪತ್ರದಲ್ಲಿ ಗಾಡಿಯ ಬಣ್ಣಕ್ಕೆ ಜಾಗವಿದೆ, ಅದನ್ನು ನಿಲ್ಲಿಸುವ ಸಾಧನಕ್ಕಿಲ್ಲ.

ಈ ಖಾಲಿ ಜಾಗದಿಂದಲೇ ಒಂದು ಪ್ರಶ್ನೆ ಹುಟ್ಟುತ್ತದೆ. ಕಾರಿಗೆ ಕಂಪನಿ ಕೊಟ್ಟ ಬ್ರೇಕ್ ತೆಗೆದು ಹೊರಗಿನಿಂದ ಕೊಂಡ ದೊಡ್ಡ ಡಿಸ್ಕ್, ಬೇರೆ ಕ್ಯಾಲಿಪರ್ ಹಾಕಿಸಿದರೆ ಅದು ಕಾನೂನಿಗೆ ಒಪ್ಪಿಗೆಯೇ? ನಾಳೆ ಅಪಘಾತವಾದರೆ ವಿಮೆಯವರು ಹಣ ಕೊಡುತ್ತಾರೆಯೇ? ಹುಡುಗರ ಶೋಕಿಯ ಮಾತು ಇದೆಂದು ತಳ್ಳಿಹಾಕುವವರು ಮುಂಬೈಯ ಕನ್ನಡಿಗರ, ತುಳುವರ ಮೇ ತಿಂಗಳನ್ನು ನೆನಪಿಸಿಕೊಳ್ಳಬೇಕು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೂ ಬೊರಿವಲಿ, ದಹಿಸರ್, ಮೀರಾ ರೋಡುಗಳಿಂದ ಊರಿಗೆ ಕಾರಿನಲ್ಲೇ ಹೊರಡುವ ಕುಟುಂಬಗಳಿಗೆ ಲೆಕ್ಕವಿಲ್ಲ. ಕೊಂಕಣದ ದಾರಿಯಾದರೆ ಕಶೇಡಿ ಘಾಟಿ, ಪುಣೆಯ ದಾರಿಯಾದರೆ ಖಂಬಾಟ್ಕಿ, ಕೊನೆಗೆ ಶಿರಾಡಿಯೋ ಚಾರ್ಮಾಡಿಯೋ. ಐದು ಜನ, ಡಿಕ್ಕಿ ತುಂಬ ಸಾಮಾನು, ಕೆಳಮುಖದ ತಿರುವುಗಳು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂದು ಪೆಡಲ್ ಮೆತ್ತಗಾದ ಅನುಭವ ಒಮ್ಮೆ ಆದವನು ಮುಂಬೈಗೆ ಮರಳಿದ ವಾರವೇ ಗ್ಯಾರೇಜಿನಲ್ಲಿ 'ಒಳ್ಳೆಯ ಬ್ರೇಕ್ ಹಾಕಿಕೊಡಿ' ಎನ್ನುತ್ತಾನೆ. ಅವನ ಮನಸ್ಸಿನಲ್ಲಿರುವುದು ರೇಸ್ ಅಲ್ಲ, ಹಿಂದಿನ ಸೀಟಿನಲ್ಲಿರುವ ಮಕ್ಕಳು.

ಗಾಡಿಗೆ ಬ್ರೇಕ್ ಇರಲೇಬೇಕು ಎಂಬ ಕಾನೂನು ಗಾಡಿಯಷ್ಟೇ ಹಳೆಯದು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಇಂಗ್ಲೆಂಡಿನ 1904ರ ಮೋಟಾರು ನಿಯಮಗಳು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬ್ರೇಕ್ ಕೇಳಿದವು. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮದಲ್ಲಿ ಇಂದಿಗೂ ಅದೇ ತರ್ಕವಿದೆ: ಕಾಲಿನದೊಂದು, ನಿಲುಗಡೆಯದೊಂದು. ಆರಂಭದ ಕಾರುಗಳಲ್ಲಿ ಬ್ರೇಕ್ ಹಿಂದಿನ ಚಕ್ರಗಳಿಗೆ ಮಾತ್ರ ಇತ್ತು. 1920ರ ದಶಕದಲ್ಲಿ ನಾಲ್ಕೂ ಚಕ್ರಗಳಿಗೆ ಬ್ರೇಕ್ ಬಂದಾಗ ಅದನ್ನು ಅಪಾಯವೆಂದು ಕಂಡವರೇ ಹೆಚ್ಚು. ಮುಂದಿನ ಕಾರು ಥಟ್ಟನೆ ನಿಂತರೆ ಹಿಂದಿನವನ ಗತಿ ಏನು? ಅದಕ್ಕಾಗಿ ಇಂಥ ಕಾರುಗಳ ಹಿಂಭಾಗದಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಅಂಟಿಸುವ ರೂಢಿ ಇಂಗ್ಲೆಂಡಿನಲ್ಲಿ ಇತ್ತು. ನಗು ಬರಬಹುದು, ಆದರೆ ಒಬ್ಬನ ಬ್ರೇಕ್ ಚೆನ್ನಾದರೆ ಇನ್ನೊಬ್ಬನಿಗೆ ಅದರಿಂದ ಏನಾಗುತ್ತದೆ ಎಂಬ ಆ ಚಿಂತೆ ಪೆದ್ದತನದ್ದಲ್ಲ.

1953ರಲ್ಲಿ ಜಾಗ್ವಾರ್ ಕಾರು ಡಂಲಪ್ ಡಿಸ್ಕ್ ಬ್ರೇಕುಗಳೊಡನೆ ಫ್ರಾನ್ಸಿನ ಲಮಾನ್ಸ್ ಪಂದ್ಯ ಗೆದ್ದಿತು. ಎರಡು ವರ್ಷದಲ್ಲಿ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಕೊಂಡು ಮಾರುಕಟ್ಟೆಗೆ ಬಂತು. ಮುಂಬೈಯ ಕಥೆ ಬೇರೆ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದ ಫಿಯೆಟ್, ಆಮೇಲಿನ ಪದ್ಮಿನಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇಟ್ಟುಕೊಂಡೇ ದಶಕಗಟ್ಟಲೆ ಈ ಊರನ್ನು ಹೊತ್ತು ತಿರುಗಿತು. ಮಳೆಗಾಲದಲ್ಲಿ ಮಿಲನ್ ಸಬ್‌ವೇಯ ನೀರಿನಲ್ಲಿ ಹಾದುಬಂದ ಟ್ಯಾಕ್ಸಿಯವನು ಎಡಗಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿದು ಸ್ವಲ್ಪ ದೂರ ಓಡಿಸುತ್ತಿದ್ದ. ಡ್ರಮ್ಮಿನೊಳಗಿನ ನೀರು ಆರುವವರೆಗೆ ಬ್ರೇಕ್ ಹಿಡಿಯುವುದಿಲ್ಲ ಎಂದು ಅವನಿಗೆ ಯಾವ ಪುಸ್ತಕವೂ ಹೇಳಬೇಕಿರಲಿಲ್ಲ. ಈ ಕಾಲದ ಮಿಸ್ತ್ರಿಗಳಿಗೆ ಬ್ರೇಕ್ 'ಸುಧಾರಿಸುವುದು' ನಿತ್ಯದ ಕೆಲಸ. ಬೂಸ್ಟರ್ ಕೂರಿಸುವುದು, ಲೈನಿಂಗ್ ಬದಲಿಸಿ ರಿವೆಟ್ ಹೊಡೆಯುವುದು, ಬೇರೆ ಗಾಡಿಯ ಸಿಲಿಂಡರ್ ಹೊಂದಿಸುವುದು. ಕೇಳುವವರಿರಲಿಲ್ಲ. ತಾರದೇವ್‌ನಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಮಿತಿ ಮುಗಿಸಿ 2023ರಲ್ಲಿ ರಸ್ತೆ ಬಿಟ್ಟಿತು. ಅದರ ಜೊತೆಗೆ ಆ ವಿದ್ಯೆಯೂ ಹೆಚ್ಚುಕಡಿಮೆ ಹೋಯಿತು.

ಕೇಳುವವರಿರಲಿಲ್ಲ ಎಂದೆ. ಕಾನೂನು ಮಾತ್ರ ಇತ್ತು, ಮತ್ತು ಅದು ಆಗ ಸೌಮ್ಯವಾಗಿತ್ತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್, ಮೊದಲು ಬರೆದ ರೂಪದಲ್ಲಿ, ಹೀಗಿತ್ತು: ಆರ್‌ಸಿಯ ವಿವರ ತಪ್ಪಾಗುವಂಥ ಬದಲಾವಣೆ ಮಾಡುವುದಿದ್ದರೆ ಮೊದಲು ಆರ್‌ಟಿಓಗೆ ನೋಟಿಸು ಕೊಡಿ, ಒಪ್ಪಿಗೆ ಪಡೆಯಿರಿ. ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಬಿಡಿಭಾಗ ಸೇರಿಸಿ ತೆಗೆದು ಗಾಡಿಯ ತೂಕ ಶೇಕಡಾ ಎರಡರೊಳಗೆ ಹೆಚ್ಚುಕಡಿಮೆಯಾದರೆ ಕೇಳುವ ಅಗತ್ಯವೇ ಇಲ್ಲ. ಸಾವಿರ ಕಿಲೋ ಕಾರಿಗೆ ಇಪ್ಪತ್ತು ಕಿಲೋ. ಬ್ರೇಕ್ ಕಿಟ್ ಅದರಲ್ಲಿ ಆರಾಮವಾಗಿ ಅಡಗುತ್ತಿತ್ತು. ಸರಕಾರಿ ಕಚೇರಿಯ ಮೌನವನ್ನು ಒಪ್ಪಿಗೆಯೆಂದು ಕಾಯಿದೆಯೇ ಒಪ್ಪಿಕೊಂಡ ಅಪರೂಪದ ಸಾಲು ಅದು.

ಆ ಸಾಲು 2000ದಲ್ಲಿ ಹೋಯಿತು. ಆ ವರ್ಷದ ತಿದ್ದುಪಡಿ ಬೇರೆಯೇ ಭಾಷೆ ತಂದಿತು: ಆರ್‌ಸಿಯ ವಿವರಗಳು 'ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ' ಭಿನ್ನವಾಗುವಂತೆ ಯಾವ ಮಾಲೀಕನೂ ಗಾಡಿಯನ್ನು ಬದಲಿಸುವಂತಿಲ್ಲ. ಮೊದಲು ಮಾತುಕತೆ ನಡೆಯುತ್ತಿದ್ದುದು ಮಾಲೀಕನಿಗೂ ಆರ್‌ಟಿಓಗೂ. ಈಗ ಕಾರ್ಖಾನೆ ನಡುವೆ ಬಂದು ಕೂತಿತು. ಒಂದು ಬಾಗಿಲನ್ನು ಮಾತ್ರ ತೆರೆದಿಟ್ಟರು: ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ, ಸೌರಶಕ್ತಿಗೆ ಎಂಜಿನ್ ಬದಲಿಸುವ ಕಿಟ್‌ಗಳಿಗೆ.

ಮುಂಬೈಯವರಿಗೆ ಆ ಬಾಗಿಲು ಚೆನ್ನಾಗಿ ಗೊತ್ತು. ಟ್ಯಾಕ್ಸಿ, ಆಟೋ, ಆಮೇಲೆ ಮನೆಯ ಕಾರುಗಳು ಗುಂಪುಗುಂಪಾಗಿ ಸಿಎನ್‌ಜಿಗೆ ಹೋದ ಊರು ಇದು. ಕಿಟ್‌ಗೆ ಪರೀಕ್ಷೆಯ ಪ್ರಮಾಣಪತ್ರ, ಆರ್‌ಸಿಯಲ್ಲಿ ಇಂಧನದ ತಿದ್ದುಪಡಿ, ಪಾಲಿಸಿಯಲ್ಲಿ ವಿಮೆಯವರ ನಮೂದು. ಮೂರೂ ಇಲ್ಲದಿದ್ದರೆ ಗಾಡಿ ಸುಟ್ಟಾಗ ಕ್ಲೇಮ್ ಸಿಕ್ಕುವುದು ಕಷ್ಟ ಎಂದು ಪ್ರತಿ ರಿಕ್ಷಾದವನಿಗೂ ಗೊತ್ತಿದೆ. ಡಿಕ್ಕಿಯಲ್ಲಿ ಅನಿಲದ ಸಿಲಿಂಡರ್ ಕೂರಿಸಲು ಈ ದೇಶದಲ್ಲಿ ರಾಜಮಾರ್ಗ ಇದೆ. ಗಾಡಿ ಇನ್ನೂ ಬೇಗ ನಿಲ್ಲಲಿ ಎಂದು ಬ್ರೇಕ್ ದೊಡ್ಡದು ಮಾಡಿಸುವವನಿಗೆ ಅರ್ಜಿಯ ನಮೂನೆಯೇ ಇಲ್ಲ.

ಇದರ ಮೇಲೆ ಸುಪ್ರೀಂ ಕೋರ್ಟಿನ ಮಾತು ಬಂದದ್ದು 2019ರ ಜನವರಿ 9ರಂದು, ಕೇರಳದ ಆರ್‌ಟಿಓ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ. ರಾಜ್ಯದ ನಿಯಮಗಳನ್ನಷ್ಟೇ ನೋಡಿ ಗಾಡಿಯ ರಚನೆ ಬದಲಿಸಲು ಒಪ್ಪಿದ್ದ ಹೈಕೋರ್ಟಿನ ತೀರ್ಪನ್ನು ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಸರಣ್ ಬದಿಗಿಟ್ಟರು. ತಯಾರಕರ ಮೂಲ ವಿವರಕ್ಕೆ ವಿರುದ್ಧ ಹೋಗುವಂತಿಲ್ಲ. ಪತ್ರಿಕೆಗಳು ಮರುದಿನ 'ಮಾಡಿಫಿಕೇಶನ್ ನಿಷೇಧ' ಎಂದು ಬರೆದವು. ತೀರ್ಪು ಅಷ್ಟು ಸರಳವಾಗಿಲ್ಲ. ಮೂಲ ವಿವರಕ್ಕೆ ಧಕ್ಕೆ ತಾರದ ಇತರ ಬದಲಾವಣೆಗಳನ್ನು ಮಾಡಬಹುದು, ನಿಯಮದಂತೆ ನಮೂದಿಸಬಹುದು ಎಂಬ ಮಾತೂ ಅದರಲ್ಲೇ ಇದೆ. ಹಾಗಾದರೆ ಬ್ರೇಕ್ ಯಾವ ಕಡೆ? ಆರ್‌ಸಿಯಲ್ಲಿ ಅದಿಲ್ಲ ಎಂಬುದು ಒಂದು ವಾದ. ಆದರೆ ಕಾರಿನ ಮಾದರಿಯೊಂದು ಮಾರಾಟಕ್ಕೆ ಬರುವ ಮೊದಲು ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ 126ನೆಯ ನಿಯಮದಡಿ ಪರೀಕ್ಷೆ ಪಾಸಾಗಬೇಕು, ಆ ಪರೀಕ್ಷೆಯಲ್ಲಿ ಬ್ರೇಕ್ ಮುಖ್ಯ ವಿಷಯ ಎಂಬುದು ಇನ್ನೊಂದು ವಾದ. ನನಗೆ ಎರಡನೆಯದೇ ಗಟ್ಟಿಯಾಗಿ ಕಾಣುತ್ತದೆ. ಸವೆದ ಪ್ಯಾಡಿಗೆ ಅದೇ ಅಳತೆಯ ಪ್ರಮಾಣಿತ ಪ್ಯಾಡ್, ಹಳೆ ಡಿಸ್ಕಿಗೆ ಅದೇ ಅಳತೆಯ ಹೊಸದು, ಇವು ದುರಸ್ತಿ, ಅದರಲ್ಲಿ ತಕರಾರಿಲ್ಲ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಕೂರಿಸುವುದು, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಬದಲಿಸುವುದು, ಇವು ಪರೀಕ್ಷೆ ಪಾಸಾದ ವ್ಯವಸ್ಥೆಯನ್ನೇ ಬದಲಿಸುತ್ತವೆ.

ಅದೇ 2019ರ ಸೆಪ್ಟೆಂಬರಿನಿಂದ ದಂಡವೂ ಬಿಗಿಯಾಯಿತು. ಹೊಸ 182ಎ ಸೆಕ್ಷನ್ನಿನ ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ, ಬಿಡಿಭಾಗ ಜೋಡಿಸುವುದೂ ಸೇರಿ, ಒಂದೊಂದಕ್ಕೆ 5,000 ರೂಪಾಯಿ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ವಿಚಿತ್ರವೆಂದರೆ ಅದೇ ತಿದ್ದುಪಡಿ 52ನೆಯ ಸೆಕ್ಷನ್ನಿಗೆ ಉದಾರವಾದ ಮಾತೊಂದನ್ನೂ ಸೇರಿಸಿತು: ಕೇಂದ್ರ ಸರಕಾರ ಇಂಥ ಬದಲಾವಣೆಗಳಿಗೆ ನಿಯಮ, ಷರತ್ತು ರೂಪಿಸಬಹುದು, ಆ ಪ್ರಕಾರ ಮಾಡಿಸಿದರೆ ತಯಾರಕರ ವಾರಂಟಿ ಬಿದ್ದುಹೋಗುವುದಿಲ್ಲ. ಅಧಿಕಾರವಿದೆ, ಆದರೆ ಬ್ರೇಕಿನ ಮಟ್ಟಿಗೆ ಬೀಗ ತೆಗೆದಿಲ್ಲ. ಜರ್ಮನಿಯಲ್ಲಿ ಬ್ರೇಕ್ ಕಿಟ್ ಕೊಂಡರೆ ಅದರ ಜೊತೆಗೆ ಯಾವ ಕಾರಿಗೆ, ಯಾವ ಚಕ್ರಕ್ಕೆ ಹೊಂದುತ್ತದೆ ಎಂಬ ತಾಂತ್ರಿಕ ಪತ್ರವೂ ಬರುತ್ತದೆ. ತಪಾಸಣೆಯವನು ನೋಡಿ ಗಾಡಿಯ ದಾಖಲೆಯಲ್ಲಿ ಬರೆಯುತ್ತಾನೆ. ಪತ್ರವಿಲ್ಲದೆ ಹಾಕಿದರೆ ಗಾಡಿ ಓಡಿಸುವ ಪರವಾನಗಿಯೇ ಕೆಡಬಹುದು. ಕಠಿಣ ಹೌದು, ಆದರೆ ದಾರಿ ಯಾವುದೆಂದು ಗೊತ್ತು.

ಇನ್ನು ವಿಮೆ. ಇಲ್ಲಿ ಜನ ಎರಡು ಬೇರೆ ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ. ಒಂದು, ನನ್ನ ಕಾರು ಹೊಡೆದ ಇನ್ನೊಬ್ಬರಿಗೆ ಕೊಡಬೇಕಾದ ಪರಿಹಾರ. ಎರಡು, ನನ್ನ ಕಾರಿನ ಡೆಂಟಿಂಗ್ ಪೇಂಟಿಂಗ್. ಇವೆರಡರ ಚರಿತ್ರೆ ಒಂದೇ ಅಲ್ಲ.

ಮೊದಲನೆಯದು ಕಾನೂನಿನ ಒತ್ತಾಯದಿಂದ ಹುಟ್ಟಿದ್ದು. ಬ್ರಿಟನ್ 1930ರ ಕಾಯಿದೆಯಲ್ಲಿ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯ ಮಾಡಿತು. ಕೂಡಲೇ ವಿಮಾ ಕಂಪನಿಗಳು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಷರತ್ತು ತುಂಬತೊಡಗಿದವು. ಗಾಡಿ ಸುಸ್ಥಿತಿಯಲ್ಲಿರಲಿಲ್ಲ, ಆದ್ದರಿಂದ ಹಣವಿಲ್ಲ. ಸತ್ತವನ ಮನೆಯವರು ಕೊಂದವನ ಗಾಡಿಯ ಬ್ರೇಕ್ ಹೇಗಿತ್ತೆಂದು ಹೊಣೆ ಹೊರಬೇಕೇ? 1934ರಲ್ಲಿ ಅಲ್ಲಿನ ಸಂಸತ್ತು ಗಾಡಿಯ ಸ್ಥಿತಿಯ ಕುರಿತ ಇಂಥ ಷರತ್ತುಗಳು ಗಾಯಗೊಂಡವರ ಎದುರು ನಡೆಯವು ಎಂದು ಹೇಳಿತು. ನಮ್ಮಲ್ಲಿ 1939ರ ಕಾಯಿದೆ ಅದೇ ಗುರಿಯನ್ನು ಬೇರೆ ದಾರಿಯಿಂದ ಮುಟ್ಟಿತು: ವಿಮೆಯವರು ಯಾವ ಯಾವ ಆಕ್ಷೇಪ ಎತ್ತಬಹುದು ಎಂಬ ಪಟ್ಟಿಯನ್ನೇ ಕೊಟ್ಟಿತು. ನಡುವೆ ಮಹಾಯುದ್ಧ ಬಂದು ಹೋಗಿ, ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ಕ್ಕೆ. ಪಟ್ಟಿಯ ಹೊರಗಿನ ಆಕ್ಷೇಪ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ಇತ್ಬಾರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಲೈಸೆನ್ಸ್ ಇಲ್ಲದ ಚಾಲಕ, ಬಾಡಿಗೆಗೆ ಓಡಿಸಿದ್ದು, ರೇಸಿಗೆ ಬಳಸಿದ್ದು, ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದದ್ದು, ಹೀಗೆ ಹೋಗುತ್ತದೆ ಪಟ್ಟಿ. ಬದಲಿಸಿದ ಬ್ರೇಕ್ ಎಂಬುದು ಅದರಲ್ಲಿ ಇಲ್ಲ. 'ಮುಖ್ಯ ಸಂಗತಿ ಮುಚ್ಚಿಟ್ಟದ್ದು' ಎಂಬ ಕಿಟಕಿಯಿಂದ ಅದು ಒಳಗೆ ಬರಬಹುದು; ಆದರೆ ಮುಚ್ಚಿಟ್ಟಿದ್ದನ್ನು ಸಾಬೀತು ಮಾಡುವ ಕೆಲಸ ಕಂಪನಿಯದು. ಷರತ್ತು ಮುರಿದದ್ದು ಅಪಘಾತಕ್ಕೆ ಕಾರಣವಾಗುವಷ್ಟು ಮೂಲಭೂತವಾಗಿರಬೇಕು ಎಂದು 2004ರ ಸ್ವರಣ್ ಸಿಂಗ್ ತೀರ್ಪು ಹೇಳಿತು. ಹಾಗಿದ್ದಾಗಲೂ ನ್ಯಾಯಮಂಡಳಿ ಕಂಪನಿಗೆ, 'ಮೊದಲು ಗಾಯಾಳುವಿಗೆ ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ' ಎನ್ನಬಹುದು. ಬೀದಿಯಲ್ಲಿ ಬಿದ್ದವನಿಗೆ ಇದು ದೊಡ್ಡ ರಕ್ಷಣೆ. ವಸೂಲಿಗೆ ಮನೆ ಬಾಗಿಲಿಗೆ ಬರುವುದು ಮಾಲೀಕನದು. ಅವನಿಗೆ ಅದು ಫ್ಲ್ಯಾಟ್ ಮಾರುವ ಮಾತೂ ಆಗಬಹುದು.

'ಬ್ರೇಕ್ ಫೇಲ್ ಆಯಿತು, ನನ್ನ ತಪ್ಪಲ್ಲ' ಎಂಬ ಮಾತಿಗೂ ಕೋರ್ಟುಗಳಲ್ಲಿ ಉದ್ದನೆಯ ಇತಿಹಾಸವಿದೆ. ಇಂಗ್ಲೆಂಡಿನ ಹೆಂಡರ್ಸನ್ ಪ್ರಕರಣ, 1970ರ ಕಾನೂನು ವರದಿಗಳಲ್ಲಿರುವುದು, ನೋಡಿ: ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕೈಕೊಟ್ಟು ಒಬ್ಬ ಸತ್ತ. ಬ್ರೇಕ್ ದ್ರವದ ಕೊಳವೆ ತುಕ್ಕು ಹಿಡಿದು ತೂತಾಗಿತ್ತು, ಅದೂ ಕಳಚದೆ ನೋಡಲಾಗದ ಜಾಗದಲ್ಲಿ. ಮಾಲೀಕರು ಕಾಣುವ ಭಾಗವನ್ನು ನಿಯಮಿತವಾಗಿ ನೋಡುತ್ತಿದ್ದರು. ಸಾಲದು, ಆ ಲಾರಿ ಏನೇನು ಹೊತ್ತಿತ್ತು, ಎಲ್ಲೆಲ್ಲಿ ಓಡಿತ್ತು ಎಂಬ ಚರಿತ್ರೆಯನ್ನು ಮುಂದಿಟ್ಟು ತಾವು ಸಾಕಷ್ಟು ಎಚ್ಚರ ವಹಿಸಿದ್ದನ್ನು ತೋರಿಸಬೇಕಿತ್ತು ಎಂದಿತು ಹೌಸ್ ಆಫ್ ಲಾರ್ಡ್ಸ್. ನಮ್ಮಲ್ಲಿ 1977ರಲ್ಲಿ ಮುಂಬೈಯ ಲಾರಿಯೊಂದರ ಮೊಕದ್ದಮೆ, ಮೀನೂ ಮೆಹ್ತಾ ಪ್ರಕರಣ ಎಂದೇ ಹೆಸರಾದದ್ದು, ಸುಪ್ರೀಂ ಕೋರ್ಟಿಗೆ ಹೋದಾಗಲೂ ಯಾಂತ್ರಿಕ ದೋಷದ ನೆಪವನ್ನು ಸಾಬೀತು ಮಾಡುವ ಹೊಣೆ ಮಾಲೀಕನ ಮೇಲೆ ಬಿತ್ತು. ಆದರೆ ನಿರ್ಲಕ್ಷ್ಯ ಸಾಬೀತಾಗದೆ ಪರಿಹಾರವಿಲ್ಲ ಎಂದೂ ಆ ತೀರ್ಪು ಹೇಳಿದ್ದರಿಂದ, 1982ರಲ್ಲಿ ಸಂಸತ್ತು ತಪ್ಪು ಯಾರದೆಂದು ಕೇಳದೆ ಕೊಡಬೇಕಾದ ಮೊತ್ತವನ್ನು ಕಾಯಿದೆಗೆ ಸೇರಿಸಿತು. ಸಾವಿಗೆ 15,000 ರೂಪಾಯಿ, ಶಾಶ್ವತ ಊನಕ್ಕೆ 7,500. ಕಡಿಮೆ ಅನಿಸಿದರೂ ಅದು ಆರಂಭ.

ಇದನ್ನು ಕಂಪನಿಯ ಬ್ರೇಕ್ ತೆಗೆಸಿದವನ ಕಡೆಯಿಂದ ಯೋಚಿಸಿ. ಕಾರ್ಖಾನೆಯ ಬ್ರೇಕ್ ಇದ್ದವನು ಸರ್ವೀಸ್ ಪುಸ್ತಕ ತೋರಿಸುತ್ತಾನೆ. ಇವನು ಏನು ತೋರಿಸಬೇಕು? ಯಾರು ಹಾಕಿದರು, ಯಾವ ಭಾಗ, ಯಾವ ಪರೀಕ್ಷೆ? ಬಿಲ್ಲಿಲ್ಲದ ಗ್ಯಾರೇಜಿನ ಕೆಲಸ ಅಗ್ಗವಾಗುವುದು ಆ ದಿನದವರೆಗೆ ಮಾತ್ರ.

ಎರಡನೆಯ ವಿಮೆ, ಸ್ವಂತ ಗಾಡಿಯದು, ಒಪ್ಪಂದದ ವಿಷಯ. ಇಲ್ಲಿ ಕಂಪನಿಗೆ ಸ್ವಾತಂತ್ರ್ಯ ಹೆಚ್ಚು. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದ ಮೇಲೆ, 1919ರಲ್ಲಿ ಬಾಂಬೆಯಲ್ಲೇ ಹುಟ್ಟಿದ ನ್ಯೂ ಇಂಡಿಯಾ ಸೇರಿ ನಾಲ್ಕು ಕಂಪನಿಗಳ ಕಾಲ. ದರವೂ ಮಾತೂ ಎಲ್ಲೆಲ್ಲೂ ಒಂದೇ. 2002ರ ಜುಲೈಯಿಂದ ಜಾರಿಗೆ ಬಂದ ಮೋಟಾರ್ ಟ್ಯಾರಿಫ್‌ನ ಪದಗಳು, 2007ರಲ್ಲಿ ದರ ಮುಕ್ತವಾದ ಮೇಲೂ, ಇಂದಿನ ಪಾಲಿಸಿಗಳಲ್ಲಿ ಉಸಿರಾಡುತ್ತಿವೆ. ಕಂಪನಿಯ ಬೆಲೆಪಟ್ಟಿಯಲ್ಲಿಲ್ಲದ ವಿದ್ಯುತ್ ಉಪಕರಣಕ್ಕೆ 24ನೆಯ ನಮೂದು, ಅದರ ಬೆಲೆಯ ಮೇಲೆ ಶೇಕಡಾ 4 ಪ್ರೀಮಿಯಂ. ಅನಿಲ ಕಿಟ್‌ಗೆ 25ನೆಯದು. ಮ್ಯೂಸಿಕ್ ಸಿಸ್ಟಮಿಗೆ ನಂಬರಿದೆ, ಬ್ರೇಕಿಗಿಲ್ಲ. ಅದು ವಿದ್ಯುತ್ತಿನದಲ್ಲದ ಬಿಡಿಭಾಗಗಳ ಮೌಲ್ಯದಲ್ಲಿ ಸೇರಬೇಕು, ಅದೂ ಮಾಲೀಕ ಬಾಯಿಬಿಟ್ಟು ಹೇಳಿದರೆ. ಜೊತೆಗೆ ಎರಡು ಷರತ್ತು: ಗಾಡಿಯನ್ನು ಸುಸ್ಥಿತಿಯಲ್ಲಿಡಬೇಕು; ಯಾಂತ್ರಿಕ ವೈಫಲ್ಯಕ್ಕೇ ಪರಿಹಾರ ಇಲ್ಲ. ಸರ್ವೇಯರ್ ಬಂದು ಚಕ್ರದ ಹಿಂದೆ ಕೆಂಪು ಬಣ್ಣದ ಕ್ಯಾಲಿಪರ್ ನೋಡಿದರೆ ಫೋಟೋ ತೆಗೆಯುತ್ತಾನೆ. ಆ ಫೋಟೋ ಫೈಲಿನಲ್ಲಿ ಮೊದಲ ಪುಟವಾಗುತ್ತದೆ.

ಹಾಗಂತ ಫೋಟೋ ಕಂಡಕೂಡಲೇ ಕ್ಲೇಮ್ ಸತ್ತಿತೆಂದಲ್ಲ. ಇದರಲ್ಲಿ ಹಾಸನದ ಋಣ ನಮ್ಮೆಲ್ಲರ ಮೇಲಿದೆ. ಸರಕು ಲಾರಿಯೊಂದರಲ್ಲಿ ಒಂಬತ್ತು ಜನರನ್ನು ಕೂರಿಸಿಕೊಂಡು ಹೋಗುವಾಗ ಡಿಕ್ಕಿಯಾಯಿತು. ಷರತ್ತು ಮುರಿದಿರಿ ಎಂದು ಓರಿಯೆಂಟಲ್ ಇನ್ಶೂರೆನ್ಸಿನ ಹಾಸನ ಕಚೇರಿ ಲಾರಿಯ ನಷ್ಟ ಕೊಡಲು ಒಪ್ಪಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಜನ ಕೂತದ್ದರಿಂದ ಅಪಘಾತವಾಗಿಲ್ಲ, ಆದ್ದರಿಂದ ಒಪ್ಪಂದವೇ ಮುರಿದುಬಿತ್ತು ಎನ್ನಲಾಗದು. ಇನ್ನು ಕೆಲವು ಪ್ರಕರಣಗಳಲ್ಲಿ, 2010ರ ಅಮಲೇಂದು ಸಾಹೂ ತೀರ್ಪಿನಂತೆ, ಷರತ್ತು ಮುರಿದರೂ ಶೇಕಡಾ 75ರಷ್ಟು ಕೊಡಿಸಿದ್ದುಂಟು. ಎಂದರೆ ದೊಡ್ಡ ಬ್ರೇಕ್ ಇದ್ದ ನಿಮ್ಮ ಕಾರು ನಿಂತಿದ್ದಾಗ ಹಿಂದಿನಿಂದ ಟೆಂಪೊ ಗುದ್ದಿದರೆ, ಬ್ರೇಕಿನ ನೆಪದಲ್ಲಿ ಪೂರ್ತಿ ನಿರಾಕರಿಸುವುದು ಸುಲಭವಲ್ಲ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಹಿಂಭಾಗ ಜಾರಿ ಡಿವೈಡರಿಗೆ ಹೊಡೆದರೆ ಮಾತು ಬೇರೆ.

ಅದೂ ಆಗುವ ಸಂಗತಿಯೇ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ, ಕಾರನ್ನು ನಿಲ್ಲಿಸುವುದು ಟಯರು. ಮುಂದಕ್ಕೆ ಮಾತ್ರ ದೊಡ್ಡ ಡಿಸ್ಕ್ ಹಾಕಿದರೆ ಮುಂದು-ಹಿಂದಿನ ಹಂಚಿಕೆ ತಪ್ಪುತ್ತದೆ. ಹಿಂದಕ್ಕೆ ಅತಿಯಾದರೆ ಒದ್ದೆ ರಸ್ತೆಯಲ್ಲಿ ಕಾರು ಸುತ್ತುತ್ತದೆ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಎಬಿಎಸ್ ಕಂಪನಿಯ ಬ್ರೇಕಿಗೆ ಹೊಂದಿಸಿದ್ದು. ಬೇರೆ ಅಳತೆಯ ಪಿಸ್ಟನ್ ಬಂದರೆ ಅದರ ಲೆಕ್ಕ ತಪ್ಪಬಹುದು. ರೇಸಿನ ಪ್ಯಾಡ್‌ಗಳು ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುವಂಥವು, ಬೆಳಗಿನ ಮೊದಲ ಸಿಗ್ನಲ್ಲಿನಲ್ಲಿ ಅಲ್ಲ. ಘಾಟಿಯ ಹೆದರಿಕೆಗೆ ನಿಜವಾದ ಮದ್ದು ಅನೇಕ ಸಲ ಅಗ್ಗದ್ದೇ: ಹಳೆಯ ಬ್ರೇಕ್ ಆಯಿಲ್ ಬದಲಿಸಿ, ಅದು ಗಾಳಿಯ ತೇವ ಹೀರಿ ಬೇಗ ಕುದಿಯುತ್ತದೆ, ಒಳ್ಳೆಯ ಟಯರು ಹಾಕಿಸಿ, ಏರಿದ ಗೇರಿನಲ್ಲೇ ಇಳಿಯಿರಿ.

ಬ್ರೇಕನ್ನು ಯಾರಾದರೂ ನೋಡುತ್ತಾರೆಯೇ? ಕಳೆದ ದಶಕದ ಮಧ್ಯದಲ್ಲಿ ಬಾಂಬೆ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಮಹಾರಾಷ್ಟ್ರದ ಆರ್‌ಟಿಓಗಳನ್ನು ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ. ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಫಿಟ್‌ನೆಸ್ ಕೊಡುವ ಕಚೇರಿಗಳಲ್ಲಿ ಬ್ರೇಕ್ ಪರೀಕ್ಷಿಸಲು 250 ಮೀಟರಿನ ಪಥ ಇರಲೇಬೇಕು, ಇಲ್ಲದ ಕಡೆ ಪರೀಕ್ಷೆ ನಿಲ್ಲಿಸಿ ಎಂದಿತು. ಒಂದು ಚದರ ಅಡಿಗೆ ಚಿನ್ನದ ಬೆಲೆ ಇರುವ ಮುಂಬೈಯಲ್ಲಿ 250 ಮೀಟರ್ ನೇರ ರಸ್ತೆ ಹುಡುಕಲು ಸಾರಿಗೆ ಇಲಾಖೆ ಪರದಾಡಿತು. ಆದರೆ ಇದೂ ಬಾಡಿಗೆ ಗಾಡಿಗಳಿಗೆ. ಮನೆಯ ಕಾರಿನ ನೋಂದಣಿ ಹದಿನೈದು ವರ್ಷ. ಅಷ್ಟು ಕಾಲ ಪೆಟ್ರೋಲ್ ಪಂಪಿನ ಪಿಯುಸಿಯವನು ಹೊಗೆ ನೋಡುತ್ತಾನೆ, ಪೆಡಲ್ ಒತ್ತಿ ನೋಡುವ ಅಧಿಕಾರಿ ಯಾರೂ ಇಲ್ಲ.

ಹೀಗಿರುವಾಗಲೂ ಬದಲಿಸಲೇಬೇಕೆಂದರೆ, ಅದೇ ಕಾರಿನ ಮೇಲಿನ ವೇರಿಯಂಟಿಗೆ ಅದೇ ಕಂಪನಿ ಕೊಡುವ ಬ್ರೇಕ್‌ನಿಂದ ಆಚೆ ಹೋಗದಿರುವುದು ಜಾಣತನ. ಅದಕ್ಕಾದರೂ ಪರೀಕ್ಷೆಯ ಬೆನ್ನೆಲುಬಿದೆ. ಬಿಲ್ಲು ಜಿಎಸ್‌ಟಿ ಸಹಿತ ಇರಲಿ, ಹಾಕಿದ ಗ್ಯಾರೇಜಿನ ಮುದ್ರೆ ಇರಲಿ. ವಿಮಾ ಕಂಪನಿಗೆ ಏಜೆಂಟನ ಬಾಯಲ್ಲಿ ಹೇಳಿಸಬೇಡಿ, ಇಮೇಲಿನಲ್ಲಿ ಬರೆಯಿರಿ, ಉತ್ತರ ಬರುವವರೆಗೆ ಮತ್ತೆ ಬರೆಯಿರಿ. ಏಳು ದಿನ ಉತ್ತರ ಬಾರದಿದ್ದರೆ ಒಪ್ಪಿಗೆ ಎಂಬ 1988ರ ಕಾಲ ಈಗಿಲ್ಲ, ವಿಮೆಯಲ್ಲಂತೂ ಎಂದೂ ಇರಲಿಲ್ಲ. ಕಳಚಿದ ಹಳೆಯ ಡಿಸ್ಕು, ಕ್ಯಾಲಿಪರುಗಳನ್ನು ಭಂಗಾರದವನಿಗೆ ಕೊಡಬೇಡಿ. ಹದಿನೈದು ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಗಾಡಿ ಒಯ್ದ ದಿನ ಅವು ಬೇಕಾಗಬಹುದು.